ಕೂಗುವ ಬಿಲ್ಲೆ

ಸಿಪಾಯಿ ಸಾಯುವಾಗ ಯಾರನ್ನು ಕೂಗಿದನೋ ಆ ಕೂಗು ಅವನ ಕೊರಳ ಬಿಲ್ಲೆಯಲ್ಲೇ ಉಳಿಯುತ್ತದೆ. ಹೆಸರು, ನಂಬರು ಸವೆದ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡರೆ ಸಾಕು, ಕೂಗುತ್ತದೆ. ಆ ಕೂಗು ಯಾರಿಗೋ ಅವರೇ ಓಗೊಟ್ಟರೆ ಸುಮ್ಮನಾಗುತ್ತದೆ, ಮತ್ತೆಂದೂ ಕೂಗುವುದಿಲ್ಲ. ಬೆಳಗಾವಿಯ ಬಿಲ್ಲೆ ಕಚೇರಿಯ ಗುಮಾಸ್ತ ಅಡಿವೆಪ್ಪ ವಾರಸುದಾರರನ್ನು ಹುಡುಕುತ್ತಿದ್ದದ್ದು ಹೀಗೆ. ತಾಯಂದಿರಿಗೆ ಅವ್ವನ ಖಾನೆ, ಅಕ್ಕಂದಿರಿಗೆ ಅಕ್ಕನ ಖಾನೆ.

ಬಾಳವ್ವ ಮಗನ ಬಿಲ್ಲೆಗಾಗಿ ಹನ್ನೊಂದು ವರ್ಷದಿಂದ ಬರುತ್ತಿದ್ದಳು. ಈ ಸಲ ಹೊಸದಾಗಿ ಬಂದ ಮೂರನ್ನು ಅಡಿವೆಪ್ಪ ಅವಳ ಅಂಗೈಗಿಟ್ಟ. ಮೂರೂ "ಅವ್ವಾ" ಎಂದವು. ಮೂರಕ್ಕೂ ಅವಳು "ಓ, ಏನಪಾ?" ಎಂದಳು. ಒಂದೂ ಸುಮ್ಮನಾಗಲಿಲ್ಲ.

"ಮಗನ ದನಿ ನಿನಗ ಗೊತ್ತಾಗೂದಿಲ್ಲೇನಬೇ? ಎಲ್ಲಾಕ್ಕೂ ಓ ಅಂತೀಯಲ್ಲ."

"ಇವು ನನ್ನವಲ್ಲಂತ ಗೊತ್ತೈತೋ ತಮ್ಮಾ. ಹಂಗಂತ ಕೂಸು ಕರದ್ರ ಸುಮ್ನ ಕೂಡಾಕ ಆಗತೈತೇನು? ನನ್ನ ಮಗ ಒಂದಿನಾನೂ ಅವ್ವಾ ಅಂದಾಂವಲ್ಲ. ತವರಮನ್ಯಾಗ ಬೆಳದಾಂವ, ನನ್ನ ತಮ್ಮಂದಿರು ಕರದಂಗ ಅಕ್ಕಾ ಅಂತಿದ್ದ."

ಅಡಿವೆಪ್ಪ ಹಣೆ ಚಚ್ಚಿಕೊಂಡ. "ಇಷ್ಟ ವರ್ಷ ಯಾಕ ಹೇಳಲಿಲ್ಲಬೇ?"

"ನೀ ಕೇಳಿದ್ಯೇನು?"

ಅವನು ಎದ್ದು ಹೋಗಿ ಅಕ್ಕನ ಖಾನೆ ಎಳೆದ. ಒಂದೊಂದಾಗಿ ಕೊಡುತ್ತ ಬಂದ. ಮೊದಲ ಆರಕ್ಕೂ ಅವಳು "ಓ" ಎಂದಳು, ಒಂದೂ ಸುಮ್ಮನಾಗಲಿಲ್ಲ. ಏಳನೆಯ ಬಿಲ್ಲೆ ಅಂಗೈ ತಾಕುತ್ತಲೇ "ಅಕ್ಕಾ!" ಎಂದಿತು. ಬಾಳವ್ವ ಸೆರಗಿನಿಂದ ಅದರ ಧೂಳು ಒರೆಸಿದಳು. ಅಷ್ಟರಲ್ಲಿ ಅದು ಇನ್ನೆರಡು ಸಲ ಕೂಗಿತು. ಕಂಡವರ ಮಕ್ಕಳಿಗೆಲ್ಲ ಥಟ್ಟನೆ ಓಗೊಡುತ್ತಿದ್ದವಳು ಈಗ ಬಾಯಿ ಬಿಡಲಿಲ್ಲ.

"ಓ ಅನ್ನಬೇ," ಎಂದ ಅಡಿವೆಪ್ಪ.

"ತಡಿಯೋ ತಮ್ಮಾ. ಓ ಅಂದ್ರ ಮತ್ತ ಕರೀತಾನೇನು?"