ಬೇಲಿಸಾಲಿನ ಕಾಫಿ

ಹೊನ್ನೆಬೆಟ್ಟದ ಕಾಫಿಗೆ ಬೇರೆಲ್ಲೂ ಸಿಗದ ಆ ರುಚಿ ಬರುವುದು ಗಿಡದ ಬುಡದಲ್ಲಿ ಜನ ಆಡುವ ಮಾತಿನಿಂದ. ಅದಕ್ಕೇ ಅಲ್ಲಿನ ಹೆಂಗಸರು ಕಾಯಿ ಕಟ್ಟಿದಾಗಿನಿಂದ ಹರಟುತ್ತಲೇ ಕಳೆ ಕೀಳುತ್ತಾರೆ.

ಈ ಸಲದ ಮೊದಲ ಕೊಯ್ಲಿನಲ್ಲಿ ಬೇಲಿಸಾಲಿನ ಕಾಫಿ ಮಾತ್ರ ಸಪ್ಪೆಯಾಗಿತ್ತು. ರುಚಿ ನೋಡುವ ಜಡೇಗೌಡ ಲೋಟ ಕೆಳಗಿಟ್ಟು, “ಬರೀ ಬಿಸ್ನೀರು ಕಣ್ರವ್ವ. ಮುಂದ್ಲ ಕೊಯ್ಲೂ ಹಿಂಗೇ ಆದ್ರೆ ಈ ಸಾಲ್ನ ಕಿತ್ತಾಕದೇಯ,” ಎಂದ.

ಅದು ತೀರಿಕೊಂಡ ಅತ್ತೆ ಇಬ್ಬರು ಸೊಸೆಯರಿಗೂ ಸೇರಿಸಿ ನೆಟ್ಟ ಸಾಲು. ಆ ವಾರಗಿತ್ತಿಯರು, ಕೇತಮ್ಮ ಮತ್ತು ಬೊಮ್ಮಿ, ಮಾತು ಬಿಟ್ಟು ವರ್ಷವಾಗಿತ್ತು.

ಮರುದಿನ ಇಬ್ಬರೂ ಸಾಲಿನ ಆಚೀಚೆ ಕುಕ್ಕರುಗಾಲಲ್ಲಿ ಕುಳಿತು ಕಳೆ ಕೀಳುತ್ತಿದ್ದರು. ಕೇತಮ್ಮ ಎದುರಿನ ಗಿಡದತ್ತ ಬಾಗಿದಳು.

“ಗಿಡವೇ, ಆ ಕಡೆ ಇರೋಳ್ಗೆ ಕೆಮ್ಮು ವಾಸಿಯಾಯ್ತಾ ಅಂತ ಕೇಳು.”

“ಗಿಡವೇ, ಆರು ತಿಂಗ್ಳಾದ್ಮೇಲೆ ಕೇಳಕ್ ಬಂದವ್ಳೆ ದೊಡ್ಡಮನ್ಸಿ, ಅಂತ ಹೇಳು.”

“ನೀ ಕೆಮ್ಮೋದು ದಿನಾ ಕೇಳುಸ್ತಿತ್ತು ಕಣೆ. ನಡುವೆ ಇರೋದು ಒಂದೇ ಗೋಡೆ.” ಕೇತಮ್ಮ ಗಿಡವನ್ನು ಮರೆತೇಬಿಟ್ಟಿದ್ದಳು.

ರೆಂಬೆ ಸರಿಸಿ ಬೊಮ್ಮಿ ಮುಖ ತೋರಿಸಿದಳು. “ಮತ್ಯಾಕಕ್ಕ ಬರ್ನಿಲ್ಲ?”

ಕೇತಮ್ಮ ಕುಡುಗೋಲು ಬದಿಗಿಟ್ಟು ಮಣ್ಣಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಹೇಳುವುದು ಬಹಳವಿತ್ತು. ಉಳಿದ ಕಾಯಿ ಕೆಂಪಾಗಲು ಇನ್ನೂ ಮೂರು ವಾರವಿತ್ತು.