ಬಾಗಿಲಿನ ಮೀಟರ್

ಎರಡನೇ ಆಂಟೆನಾ ಕಂಬದ ವೈರನ್ನು ಕಂಟ್ರೋಲರ್ ಪೆಟ್ಟಿಗೆಗೆ ಸಿಕ್ಕಿಸಿದ್ದೇ ತಡ, ಬಟ್ಟೆ ಅಂಗಡಿಯ ಬಾಗಿಲಲ್ಲಿ ಕಳ್ಳರನ್ನು ಹಿಡಿಯುವ ಅಲಾರಂ ಕೂಗಿಕೊಂಡಿತು. ಮೆಕ್ಯಾನಿಕ್ ತಲೆಯೆತ್ತಿ ನೋಡಿದ. ಎರಡು ಕಂಬಗಳ ನಡುವೆ ಬೆಳಗಿನ ಬಿಸಿಲು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ.

"ಅಲಾರಂ ಟ್ಯಾಗ್ ಇರೋ ಬಟ್ಟೆ ಏನಾದ್ರೂ ಹತ್ತಿರ ಇದೆಯಾ ಅಮ್ಮ?"

"ಇಲ್ಲಪ್ಪ, ಅದು ನಮ್ಮಕ್ಕ," ಎಂದಳು ಅಂಗಡಿಯಾಕೆ, ಮಡಿಸುತ್ತಿದ್ದ ಅಂಗಿಯಿಂದ ಕಣ್ಣೆತ್ತದೆ. "ಮಣ್ಣು ಮಾಡೋವಾಗ ಇಲ್ಲಿಂದಲೇ ಹೊಸ ಸ್ವೆಟರ್ ಒಯ್ದು ಹಾಕಿದ್ವಿ. ಆ ಗಡಿಬಿಡೀಲಿ ಟ್ಯಾಗ್ ತೆಗೆಯೋದೇ ಮರೆತೆ. ಹಳೇ ಕಂಬಾನೂ ದಿನಾ ಇದೇ ಹೊತ್ತಿಗೆ ಒಂದು ಸಲ ಕೂಗ್ತಿತ್ತು. ಬಂದವಳು ವಾಪಸ್ ಹೋಗ್ತಾಳಾ ಅಂತ ನೋಡಬೇಕು. ಅದಕ್ಕೇ ಜನ ಎಣಿಸೋ ಮೀಟರ್ ತರಿಸಿದ್ದು."

ಮೆಕ್ಯಾನಿಕ್ ಮೀಟರಿನ ವೈರು ಜೋಡಿಸಿದ. ಒಳಗೆ ಬಂದವರು ಸೊನ್ನೆ, ಹೊರಗೆ ಹೋದವರು ಸೊನ್ನೆ ಎಂದು ಅದು ತೋರಿಸಿತು. ತಾನು ತಂದಿದ್ದ ಹೊಸ ಟ್ಯಾಗುಗಳ ಡಬ್ಬವನ್ನು ಕೌಂಟರಿನ ಮೇಲಿಟ್ಟು, ಟ್ಯಾಗ್ ಒಂದೂ ಉಳಿದಿಲ್ಲ ತಾನೇ ಎಂದು ತನ್ನ ಚೀಲವನ್ನು ಎರಡೆರಡು ಬಾರಿ ತಡಕಿ, ಲಗುಬಗೆಯಿಂದ ಹೊಸ್ತಿಲು ದಾಟಿದ.

ಬೆನ್ನ ಹಿಂದೆ ಅಲಾರಂ ಕೂಗಿತು. ತಿರುಗಿ ನೋಡಿದರೆ ಮೀಟರಿನಲ್ಲಿ 'ಹೊರಗೆ ಎರಡು' ಎಂದಿತ್ತು. ಅಂಗಡಿಯಾಕೆ ಬಾಗಿಲ ತನಕ ಬಂದಿದ್ದಳು. ಅವಳ ಕಣ್ಣು ಅವನ ಮೇಲಿರಲಿಲ್ಲ, ಅವನ ಎಡ ಭುಜದ ಪಕ್ಕದ ಖಾಲಿ ಜಾಗದ ಮೇಲಿತ್ತು.

"ಹುಷಾರಾಗಿ ಹೋಗಕ್ಕ," ಎಂದಳು ಮೆಲ್ಲಗೆ. "ಪಾಪ, ಇವರಿಗೆ ತೊಂದರೆ ಕೊಡಬೇಡ."