ಮುಖ್ಯಸ್ಥರು ಉಳಿಸಿಕೊಂಡ ಹಾಳೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ನಾಲಿಗೆ ಬಿದ್ದುಹೋಗಲಿ: ಸಂಗೀತ ಗ್ರಂಥಾಲಯದ ಮುಖ್ಯಸ್ಥರು ಒಂದೇ ಹಾಡಿನ ಹೆಸರಿದ್ದ ಹದಿನೇಳು ಸ್ವರಹಾಳೆಗಳಲ್ಲಿ ಮೇಲಿನದೊಂದನ್ನು ಇಟ್ಟುಕೊಂಡು, ಉಳಿದ ಹದಿನಾರನ್ನು ಕಿಟಕಿಯ ಕೆಳಗೆ ನಿಂತಿದ್ದ ರದ್ದಿ ಗಾಡಿಗೆ ಎಸೆದೇಬಿಟ್ಟರು. "ಒಂದು ಹಾಡಿಗೆ ಹದಿನೇಳು ಪ್ರತಿ ಯಾಕಮ್ಮ? ಗೋಡೆಗೆ ಅಂಟಿಸೋಕಾ?"

ಪುಸ್ತಕಪಟ್ಟಿಯ ಚೀಟಿ ಬರೆಯುವ ಚೀಟಿಯಕ್ಕ ಕೂಗಾಡಲಿಲ್ಲ. "ಅವು ಪ್ರತಿಗಳಲ್ಲ ಸಾರ್, ಪಾಲುಗಳು. ಒಬ್ಬೊಬ್ಬ ವಾದ್ಯಗಾರನಿಗೆ ಒಂದೊಂದು. ಹದಿನೇಳೂ ಸೇರಿದ್ರೇನೇ ಹಾಡು. ಇವತ್ತು ಸಂಜೆ ಕಛೇರಿಗೆ ವಾದ್ಯದವರು ಕೇಳ್ಕೊಂಡು ಬರ್ತಾರೆ."

"ಎಲ್ಲದರ ಮೇಲೂ ಒಂದೇ ಹೆಸರಿದೆ. ನನ್ನ ಕಿವಿ ಮೇಲೆ ಹೂ ಇಡಬೇಡಿ."

"ಹಾಗಾದ್ರೆ ನೀವು ಉಳಿಸ್ಕೊಂಡ ಹಾಡನ್ನೇ ಕೇಳಿ," ಎಂದು ಅಕ್ಕ ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಬೆರಳಲ್ಲಿ ತಾಳ ಎಣಿಸತೊಡಗಿದಳು. ಒಂದು ನಿಮಿಷವಾಯಿತು, ಮೂರಾಯಿತು. ಮುಖ್ಯಸ್ಥರು ಎರಡು ಸಲ ಆಕಳಿಸಿದರು. ಮೂಲೆಯ ಜೇಡ ಬಲೆ ನೇಯ್ದು ಮುಗಿಸಿ ಮಲಗಿಕೊಂಡಿತು. ನಾಲ್ಕನೇ ನಿಮಿಷಕ್ಕೆ ಅಕ್ಕ ಮೇಜಿಗೆ ಒಂದು ಗುದ್ದು ಗುದ್ದಿದಳು. ಧಂ! ಪೆನ್ನುಗಳೆಲ್ಲ ಎಗರಿಬಿದ್ದವು.

"ಮುಗೀತು. ಇದು ದೊಡ್ಡ ಡೋಲಿನವನ ಪಾಲು ಸಾರ್. ಇಡೀ ಹಾಡಲ್ಲಿ ಅವನದು ಒಂದೇ ಪೆಟ್ಟು. ಇನ್ನು ಪಿಟೀಲು, ಕೊಳಲು, ಕಹಳೆ ಎಲ್ಲ ಕೆಳಗೆ ಆ ಗಾಡಿ—"

ಎದುರಿನ ಕುರ್ಚಿ ಖಾಲಿಯಾಗಿತ್ತು. ಅಕ್ಕ ಕಿಟಕಿಯಿಂದ ಬಗ್ಗಿ ನೋಡಿದಳು. ರದ್ದಿಯೊಳಗೆ ಸೊಂಟದವರೆಗೆ ಇಳಿದಿದ್ದ ಮುಖ್ಯಸ್ಥರು ಒಂದು ಹಾಳೆಯನ್ನು ಎತ್ತಿ ಹಿಡಿದು, ಇಡೀ ಬೀದಿಗೆ ಕೇಳುವಂತೆ ಕೂಗಿದರು:

"ಅಕ್ಕಾ, ಇದು ಯಾರ ಪಾಲು?"